ದಿನಕ್ಕೆ ಮೂರು ಸಾಲು

ವರ್ಷಾರಂಭದಲ್ಲಿ ಬ್ಯಾಂಕಿನವರೂ ವರ್ತಕರೂ ಹಂಚುವ ದಿನಚರಿ ಪುಸ್ತಕಗಳು ನಮ್ಮ ಪಟ್ಟಣದ ಅನೇಕ ಮನೆಗಳನ್ನು ಸೇರುವುವು. ಜನವರಿಯ ಮೊದಲನೆಯ ವಾರದಲ್ಲಿ ಅವುಗಳ ಒಡೆಯರು ಬಹು ಉತ್ಸಾಹದಿಂದ ಬರೆಯುವರು. ಯುಗಾದಿಯ ಹೊತ್ತಿಗೆ ಆ ಪುಸ್ತಕದಲ್ಲಿ ಹಾಲಿನ ಲೆಕ್ಕವೊಂದೇ ಮುಂದುವರಿದಿರುವುದು. ಪರಿಹಾಸ್ಯಕ್ಕಾಗಿ ಇದನ್ನು ಹೇಳುತ್ತಿಲ್ಲ. ನಮ್ಮ ಕಚೇರಿಯ ಬೀರುವಿನಲ್ಲಿಯೂ ಅಂತಹ ಏಳೆಂಟು ಪುಸ್ತಕಗಳು ಇವೆ.

ಈ ವಿಷಯವನ್ನು ಈಗ ಎತ್ತುವುದಕ್ಕೆ ಕಾರಣವುಂಟು. ಕೆಲವು ತಿಂಗಳ ಹಿಂದೆ ಮನೆಯ ಅಟ್ಟವನ್ನು ಶುಚಿಮಾಡಿಸುವಾಗ ನಮ್ಮ ಪಿತಾಮಹರ ಅಂಗಡಿಯ 1930ನೆಯ ಇಸವಿಯ ಕಿರ್ದಿಯು ದೊರೆಯಿತು. ಆ ವರ್ಷ ಏಪ್ರಿಲಿನಲ್ಲಿ ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಸತ್ಯಾಗ್ರಹವು ನಡೆದಾಗ ಅವರು ಘಟ್ಟವಿಳಿದು ಹೋಗಿದ್ದರೆಂದು ಮನೆಯಲ್ಲಿ ಹೇಳುವುದುಂಟು. ಕಿರ್ದಿಯಲ್ಲಿ ಬೆಲ್ಲದ ದರ, ಸೀಮೆಎಣ್ಣೆಯ ಡಬ್ಬಿಗಳ ಸಂಖ್ಯೆ, ಸಾಲಗಾರರ ಬಾಕಿ, ಎಲ್ಲವೂ ಆಣೆ ಪೈ ಸಹಿತವಾಗಿ ಇವೆ. ಏಪ್ರಿಲಿನ ಎರಡನೆಯ ವಾರದಲ್ಲಿ ನಾಲ್ಕು ದಿವಸ ಬರವಣಿಗೆಯೇ ಇಲ್ಲ. ಐದನೆಯ ದಿವಸ ಪುನಃ ಬೆಲ್ಲ. ಆ ನಾಲ್ಕು ದಿನ ಅವರು ಯಾರ ಸಂಗಡ ನಡೆದರು, ಎಲ್ಲಿ ಉಂಡರು, ಪೊಲೀಸರನ್ನು ಕಂಡು ಅಂಜಿದರೋ ಇಲ್ಲವೋ, ಹೇಳಬಲ್ಲವರು ಇಂದು ಯಾರೂ ಉಳಿದಿಲ್ಲ. ಕೇಳಬೇಕಾಗಿದ್ದ ಕಾಲದಲ್ಲಿ ನಾವು ಕೇಳಲಿಲ್ಲ.

1917ರಲ್ಲಿ ಗಾಂಧೀಜಿಯವರನ್ನು ಸೇರಿದ ಮಹಾದೇವ ದೇಸಾಯಿಯವರು, 1942ರ ಆಗಸ್ಟ್ 15ರಂದು ಪುಣೆಯ ಆಗಾಖಾನ್ ಅರಮನೆಯ ಬಂಧನದಲ್ಲಿ ಕಾಲವಾದರು. ನಡುವಣ ಇಪ್ಪತ್ತೈದು ವರ್ಷಗಳಲ್ಲಿ ಪತ್ರವ್ಯವಹಾರ, ಅನುವಾದ, ಪ್ರಯಾಣಗಳ ಹೊರೆಯ ಕೆಳಗೂ ಅವರು ದಿನಚರಿಯನ್ನು ಕೈಬಿಡಲಿಲ್ಲ. 1932ರಲ್ಲಿ ಯರವಡಾ ಕಾರಾಗೃಹದಲ್ಲಿ ಸರ್ದಾರ್ ಪಟೇಲರು ರದ್ದಿಕಾಗದದಿಂದ ಲಕೋಟೆಗಳನ್ನು ಮಾಡುತ್ತಿದ್ದುದನ್ನೂ, ಆ ವಯಸ್ಸಿನಲ್ಲಿ ಸಂಸ್ಕೃತವನ್ನು ಕಲಿಯತೊಡಗಿದುದನ್ನೂ ನಾವು ಬಲ್ಲೆವಾದರೆ, ಅದು ಪಕ್ಕದಲ್ಲಿದ್ದವರು ಬರೆದಿಟ್ಟುದರ ಫಲ. ಇವು ಚರಿತ್ರೆಗೆ ಸೇರತಕ್ಕ ಸಂಗತಿಗಳೇ ಎಂದು ಹುಬ್ಬುಗಂಟಿಕ್ಕುವ ಪಂಡಿತರಿದ್ದಾರೆ. ಸರ್ದಾರರನ್ನು ಮನುಷ್ಯರೆಂದು ನಾವು ಅರಿಯುವುದು ಆ ಲಕೋಟೆಗಳಿಂದಲೇ.

ಪಾಂಡಿಚೇರಿಯಲ್ಲಿ ಡೂಪ್ಲೆಯ ದುಭಾಷಿಯಾಗಿದ್ದ ಆನಂದರಂಗ ಪಿಳ್ಳೆಯವರಂತೂ 1736ರಿಂದ 1761ರ ವರೆಗೆ ತಮಿಳಿನಲ್ಲಿ ದಿನಚರಿಯನ್ನು ಬರೆದರು. ಹಡಗು ಬಂದುದು, ಅಂಗಡಿಬೀದಿಯ ವದಂತಿ, ತಮ್ಮ ವ್ಯಾಪಾರ, ಎಲ್ಲವೂ ಅದರಲ್ಲಿದೆ. ವರ್ತಕನಿಗೆ ಬರೆಯಲು ಬಿಡುವಿಲ್ಲವೆಂಬ ಮಾತನ್ನು ಇನ್ನು ನಾವು ಒಪ್ಪಲಾರೆವು.

ಬರೆಯತಕ್ಕದ್ದು ಎಷ್ಟು? ರಾತ್ರಿ ಊಟವಾದ ಮೇಲೆ ಮೂರು ಸಾಲು ಸಾಕು: ಆ ದಿನ ಕಂಡುದೊಂದು, ಕೇಳಿದ ಮಾತೊಂದು, ಮನೆಯಲ್ಲಿ ನಡೆದುದೊಂದು. ಆತ್ಮಪರೀಕ್ಷೆಯ ಗೋಜು ಬೇಡ. ಅದನ್ನು ಆರಂಭಿಸಿದವರು ಎಂಟು ದಿನಗಳೊಳಗೆ ತಮ್ಮನ್ನು ತಾವೇ ಹೊಗಳಿಕೊಳ್ಳತೊಡಗುವರು. ಕಿಸೆಯ ಮೊಬೈಲಿನಲ್ಲಿ ಸಾವಿರ ಚಿತ್ರಗಳಿರುವಾಗ ಈ ಶ್ರಮವೇಕೆಂದು ತರುಣರೊಬ್ಬರು ಕೇಳಿದರು. ಹಿಂದಿನ ದೀಪಾವಳಿಯ ಚಿತ್ರವೊಂದನ್ನು ತೋರಿಸಿ, ಅಂದು ಅಜ್ಜಿಯವರು ಏನು ಹೇಳುತ್ತಿದ್ದರೆಂದು ನಾವು ವಿಚಾರಿಸಿದೆವು. ಅವರಿಗೆ ನೆನಪಾಗಲಿಲ್ಲ.

ಕಿರ್ದಿ ದೊರೆತ ದಿನದಿಂದ ನಾವೂ ಬರೆಯುತ್ತಿದ್ದೇವೆ. ನಡುವೆ ಹನ್ನೊಂದು ದಿವಸ ತಪ್ಪಿತು; ಮರೆಮಾಚುವುದಿಲ್ಲ. ರಾತ್ರಿ ಬರೆಯಬೇಕೆಂಬ ಬಾಧ್ಯತೆಯಿರುವುದರಿಂದ ಹಗಲೆಲ್ಲ ಕಣ್ಣು ತಾನಾಗಿ ತೆರೆದಿರುವುದೆಂಬುದು ಮಾತ್ರ ನಾವು ನಿರೀಕ್ಷಿಸದೆ ಇದ್ದ ಲಾಭ. ನಮ್ಮ ಕಚೇರಿಗೆ ಅನೇಕ ವರ್ಷಗಳಿಂದ ಟಪಾಲು ತರುವ ಅಂಚೆಯವನ ಎಡಗೈಯಲ್ಲಿ ಕಿರುಬೆರಳಿಲ್ಲ. ಅದನ್ನು ನಾವು ಕಂಡುದು ಮೊನ್ನೆ ಮಂಗಳವಾರ. ಕೂಡಿಸಿ ವಿಚಾರಿಸಿದೆವು. ಬಾಲ್ಯದಲ್ಲಿ ಕಬ್ಬಿನ ಗಾಣಕ್ಕೆ ಸಿಕ್ಕಿತೆಂದನು. ಅಂದು ತಾಯಿ ತನ್ನನ್ನು ಹೊತ್ತುಕೊಂಡು ಆಸ್ಪತ್ರೆಯ ವರೆಗೂ ಓಡಿದಳೆಂದನು. ಮಂಗಳವಾರದ ಪುಟದಲ್ಲಿ ಮೂರು ಸಾಲು ಸಾಲದೆ ಏಳು ಸಾಲಾಯಿತು.