ಕಸ್ತೂರಿರಂಗನ್ ವರದಿ, ಕಾಡಿನ ಮೇವು ಮತ್ತು ನಮ್ಮ ಕೊಟ್ಟಿಗೆ



ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಳ್ಳಿಗಳಿಗೆ ಹಸು ನೋಡಲು ಬಂದಾಗಲೆಲ್ಲ ನೀವು ಕೇಳುವ ಪ್ರಶ್ನೆಯೊಂದಿದೆ: "ಡಾಕ್ಟ್ರೇ, ಕಸ್ತೂರಿರಂಗನ್ ವರದಿ ಬಂದರೆ ದನ ಸಾಕಬಹುದಾ? ಹೊಸ ಕೊಟ್ಟಿಗೆಗೆ ಬಿಡ್ತಾರಾ?" ಈ ಭಯದಲ್ಲೇ ಇನ್ನೊಂದು ಹಸು ಕಟ್ಟಲು ಹಿಂಜರಿಯುವವರಿದ್ದಾರೆ. ಆದ್ದರಿಂದ ಕರಡಿನಲ್ಲಿ ಏನಿದೆ, ಏನಿಲ್ಲ ಎಂಬುದನ್ನು ತಿಳಿದುಕೊಳ್ಳೋಣ.

ವರದಿ ಬಂದ ದಾರಿ

ಪಶ್ಚಿಮ ಘಟ್ಟದ ರಕ್ಷಣೆಗೆ ಪ್ರೊ. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಅದನ್ನು ಮರುಪರಿಶೀಲಿಸಿದ ಡಾ. ಕೆ. ಕಸ್ತೂರಿರಂಗನ್ ನೇತೃತ್ವದ ಸಮಿತಿ 2013ರಲ್ಲಿ ಇನ್ನೊಂದು ವರದಿ ಸಲ್ಲಿಸಿತು. ಅದರ ಆಧಾರದ ಮೇಲೆ ಕೇಂದ್ರ ಸರ್ಕಾರ 2014ರಿಂದ ಕರಡು ಅಧಿಸೂಚನೆಗಳನ್ನು ಹೊರಡಿಸುತ್ತಿದೆ. 2024ರ ಜುಲೈ 31ರಂದು ಬಂದದ್ದು ಆರನೆಯದು. ಕರ್ನಾಟಕದ 20,668 ಚದರ ಕಿ.ಮೀ. ಪ್ರದೇಶ ಅದರಲ್ಲಿದೆ. ನಮ್ಮ ಮೂರೂ ತಾಲ್ಲೂಕುಗಳ ಹಲವು ಹಳ್ಳಿಗಳ ಹೆಸರು ಪಟ್ಟಿಯಲ್ಲಿವೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ ವರದಿಯನ್ನು ತಿರಸ್ಕರಿಸಿತು. ಕರಡು ಎಂದರೆ ಅಂತಿಮ ಆದೇಶವಲ್ಲ ಎಂಬುದು ನೆನಪಿರಲಿ.

ಕರಡು ಏನನ್ನು ತಡೆಯುತ್ತದೆ?

ಗಣಿಗಾರಿಕೆ, ಕಲ್ಲು ಕ್ವಾರಿ, ಮರಳುಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಅತಿ ಮಾಲಿನ್ಯದ ಕೆಂಪು ವರ್ಗದ ಹೊಸ ಕೈಗಾರಿಕೆ, 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಹೊಸ ಕಟ್ಟಡ, ಹೊಸ ಟೌನ್‌ಶಿಪ್. ಇವು ಅದರ ಮುಖ್ಯ ನಿರ್ಬಂಧಗಳು.

ಹತ್ತು ಹಸುಗಳ ಕೊಟ್ಟಿಗೆಗೆ ಅಂಗಳವೂ ಸೇರಿ ಸುಮಾರು 100 ಚದರ ಮೀಟರ್ ಸಾಕು. 20,000 ಚದರ ಮೀಟರ್ ಎಂದರೆ ಅಂಥ ಇನ್ನೂರು ಕೊಟ್ಟಿಗೆ! ಹಸು ಸಾಕುವುದು, ತೋಟ ಮಾಡುವುದು, ಈಗಿರುವ ಮನೆ ರಿಪೇರಿ ಮಾಡುವುದು ಅಥವಾ ವಿಸ್ತರಿಸುವುದು, ಇವಕ್ಕೆ ಕರಡಿನಲ್ಲಿ ನಿಷೇಧವಿಲ್ಲ.

ಹಾಗಾದರೆ ಮೇವಿನ ತೊಡಕು ಎಲ್ಲಿಂದ?

ಅದು ಬೇರೆ ಕಾನೂನಿನಿಂದ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ದನ ಮೇಯಿಸುವುದಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲೇ ತಡೆಯಿದೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ವಿಷ ಹಾಕಿದ್ದ ಹಸುವಿನ ಮಾಂಸ ತಿಂದು ಐದು ಹುಲಿಗಳು ಸತ್ತವು. ಮರುತಿಂಗಳೇ ಅರಣ್ಯ ಸಚಿವರು ಕಾಡಿನಲ್ಲಿ ದನ ಮೇಯಿಸುವುದನ್ನು ನಿಷೇಧಿಸಲು ಸೂಚಿಸಿದರು. ರೈತರಿಂದ ವಿರೋಧವೂ ಬಂತು. ಮೇವು, ದರಗು, ಸೊಪ್ಪಿಗೆ ಕಾಡಿನ ಅಂಚನ್ನೇ ನಂಬಿರುವ ನಮಗೆ ಇದೇ ನಿಜವಾದ ವಿಷಯ.

ಇಲ್ಲಿ ನಿಮಗೆ ಒಂದು ದಾರಿ ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ಮೇಯಿಸುವುದನ್ನೂ ಸಮುದಾಯದ ಹಕ್ಕು ಎಂದು ಗುರುತಿಸಿದೆ. ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮೊದಲು 75 ವರ್ಷ, ಅಂದರೆ ಮೂರು ತಲೆಮಾರು, ಆ ಕಾಡಿನ ಆಶ್ರಯದಲ್ಲಿ ಬದುಕಿದ್ದಕ್ಕೆ ಸಾಕ್ಷ್ಯ ಕೊಡಬೇಕು. ಅರ್ಜಿ ಆರಂಭವಾಗುವುದು ಗ್ರಾಮಸಭೆಯಲ್ಲಿ. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದು ಭಾಗ ಮಹಿಳೆಯರೇ ಇರಬೇಕು. ವಿವಾಹಿತರಿಗೆ ಸಿಗುವ ಭೂಮಿಯ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿರಬೇಕು.

ಕಾಡು ಉಳಿದರೆ ಹಸುವಿಗೇನು ಲಾಭ?

ದಿನಕ್ಕೆ 10 ಲೀಟರ್ ಹಾಲು ಕೊಡುವ ಮಿಶ್ರತಳಿ ಹಸುವಿಗೆ ಬೇಸಿಗೆಯಲ್ಲಿ 60ರಿಂದ 80 ಲೀಟರ್ ಕುಡಿಯುವ ನೀರು ಬೇಕು. ಸೆಕೆ ಹೆಚ್ಚಿದಷ್ಟೂ ಅದು ಏದುತ್ತದೆ, ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಬೆದೆ ಸರಿಯಾಗಿ ಕಾಣುವುದಿಲ್ಲ. ತುಂಗೆ, ಭದ್ರೆಗಳಿಗೆ, ನಮ್ಮ ಹಳ್ಳ, ಬಾವಿಗಳಿಗೆ ಮಳೆನೀರನ್ನು ಹಿಡಿದಿಟ್ಟು ಕೊಡುವುದು ಈ ಕಾಡೇ. ಗುಡ್ಡ ಬೋಳಾದರೆ ಮೊದಲು ಬತ್ತುವುದು ಕೊಟ್ಟಿಗೆಯ ಬಾನಿ.

ಹಾಗೆಂದು ದನವನ್ನು ದಟ್ಟ ಕಾಡಿಗೆ ಅಟ್ಟುವುದು ಕ್ಷೇಮವಲ್ಲ. ಮಂಗನ ಕಾಯಿಲೆ ಹರಡುವ ಉಣುಗು ದನದ ಮೈ ಹತ್ತಿ ಮನೆಯಂಗಳಕ್ಕೆ ಬರುತ್ತದೆ. ನಮ್ಮ ದನದ ಕಾಲುಬಾಯಿ ಜ್ವರ ಕಾಟಿಗಳಿಗೂ ಹರಡಬಲ್ಲದು.

ನೀವು ಈಗ ಮಾಡಬಹುದಾದದ್ದು

1. ನಿಮ್ಮ ಹಳ್ಳಿ ಕರಡಿನ ಪಟ್ಟಿಯಲ್ಲಿದೆಯೇ ಎಂದು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ.

2. ದನ ಮೇಯುವ ಜಾಗ ಗೋಮಾಳವೋ, ಸೊಪ್ಪಿನಬೆಟ್ಟವೋ, ಮೀಸಲು ಅರಣ್ಯವೋ ಎಂದು ಗ್ರಾಮ ಆಡಳಿತಾಧಿಕಾರಿಯಿಂದ ತಿಳಿದುಕೊಳ್ಳಿ. ಒಂದೊಂದಕ್ಕೂ ನಿಯಮ ಬೇರೆ.

3. ಗ್ರಾಮಸಭೆಗೆ ಸಂಘದ ನಾಲ್ಕಾರು ಸದಸ್ಯೆಯರು ಒಟ್ಟಿಗೆ ಹೋಗಿ. ಮೇವು, ನೀರಿನ ಮಾತು ನಡಾವಳಿಯಲ್ಲಿ ದಾಖಲಾಗಲಿ.

4. ತೋಟದ ನೆರಳಿನಲ್ಲಿ ಗಿನಿ ಹುಲ್ಲು, ಬಿಸಿಲು ಬೀಳುವ ಅಂಚಿನಲ್ಲಿ ನೇಪಿಯರ್, ಬೇಲಿಗೆ ಗ್ಲಿರಿಸಿಡಿಯಾ ಹಾಕಿ. ಕಾಡಿನ ಮೇಲಿನ ಅವಲಂಬನೆ ಅಷ್ಟು ಕಡಿಮೆಯಾಗುತ್ತದೆ.

5. ಆರು ತಿಂಗಳಿಗೊಮ್ಮೆ ಕಾಲುಬಾಯಿ ಜ್ವರದ ಲಸಿಕೆ ತಪ್ಪಿಸಬೇಡಿ. ನವೆಂಬರ್‌ನಿಂದ ಮೇವರೆಗೆ ಉಣುಗಿನ ಔಷಧಿಯನ್ನು ಪಶುವೈದ್ಯರ ಸಲಹೆಯಂತೆ ಹಚ್ಚಿ.

ಗೊತ್ತಿಲ್ಲದ ಕಾಗದಕ್ಕೆ ಹೆದರಿ ಹಸು ಮಾರಬೇಡಿ. ಮಾರುವ ಯೋಚನೆ ಬಂದರೆ ಮೊದಲು ಸಂಘದ ಕಾರ್ಯದರ್ಶಿಯನ್ನೋ ನಮ್ಮನ್ನೋ ಒಂದು ಮಾತು ಕೇಳಿ.