ಇಂಟರ್ನಲ್ಸ್ ಇಲ್ಲದ ಯೂನಿವರ್ಸಿಟಿ

ನಮ್ಮಲ್ಲಿ ಬಹಳ ಜನ ಮಾಡಿರೋ ಒಂದು ತಪ್ಪಿನಿಂದಲೇ ಶುರು ಮಾಡೋಣ. ರಜೆಗೆ ಊರಿಗೆ ಹೋಗಿರ್ತೀವಿ. ತಾತ ಫೋನ್ ಹಿಡ್ಕೊಂಡು ಬಂದು "ಕರೆಂಟ್ ಬಿಲ್ ಇದ್ರಲ್ಲೇ ಕಟ್ಟಬಹುದಂತಲ್ಲ, ಹೇಗೆ ಅಂತ ಸ್ವಲ್ಪ ತೋರಿಸೋ" ಅಂತಾರೆ. ನಾವು "ಕೊಡಿ ತಾತ ಇಲ್ಲಿ" ಅಂತ ಫೋನ್ ಇಸ್ಕೊಂಡು, ಒಂದೇ ನಿಮಿಷದಲ್ಲಿ ಬಿಲ್ ಕಟ್ಟಿ ವಾಪಸ್ ಕೊಡ್ತೀವಿ. ತಾತ "ಆಯ್ತಾ?" ಅಂತ ಕೇಳಿ ಸುಮ್ಮನಾಗ್ತಾರೆ. ಬಿಲ್ ಏನೋ ಕಟ್ಟಿ ಆಯ್ತು. ಆದರೆ ಅವರು ಕೇಳಿದ್ದು ಕಲಿಸು ಅಂತ. ನಾವು ಕಲಿಸಲೇ ಇಲ್ಲ.

"ಈ ವಯಸ್ಸಲ್ಲಿ ಅವರಿಗೆ ಇದೆಲ್ಲ ಯಾಕೆ" ಅನ್ನೋ ಮಾತು ನಮ್ಮ ತಲೆಯಲ್ಲಿ ಎಲ್ಲೋ ಕೂತುಬಿಟ್ಟಿದೆ. ಈ ಮಾತನ್ನ ಐವತ್ತು ವರ್ಷದ ಹಿಂದೆಯೇ ಒಪ್ಪದೆ ಹುಟ್ಟಿದ ಒಂದು ಯೂನಿವರ್ಸಿಟಿ ಇದೆ. ಹೆಸರು 'ಯೂನಿವರ್ಸಿಟಿ ಆಫ್ ದಿ ಥರ್ಡ್ ಏಜ್', ಅಂದರೆ ಮೂರನೇ ವಯಸ್ಸಿನ ವಿಶ್ವವಿದ್ಯಾಲಯ. ಚಿಕ್ಕದಾಗಿ ಯು3ಎ.

ಮೂರನೇ ವಯಸ್ಸು ಅಂದ್ರೆ ಯಾವುದು? ಬ್ರಿಟನ್ನಿನ ಇತಿಹಾಸಕಾರ ಪೀಟರ್ ಲಾಸ್ಲೆಟ್ ಇದನ್ನ 1989ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ಮೊದಲನೆಯದು ಓದು, ಬೇರೆಯವರ ಮೇಲೆ ಅವಲಂಬನೆ. ನಾವು ಈಗ ಇರೋದು ಇದರ ಕೊನೆಯಲ್ಲಿ. ಎರಡನೆಯದು ಕೆಲಸ, ಸಂಸಾರ, ಜವಾಬ್ದಾರಿ. ಮೂರನೆಯದು ಜವಾಬ್ದಾರಿ ಇಳಿದ ಮೇಲೆ ತನಗೆ ಇಷ್ಟವಾದದ್ದನ್ನು ಮಾಡೋ ಕಾಲ. ನಾಲ್ಕನೆಯದು ಕೈಕಾಲು ಸೋತು ಮತ್ತೆ ಬೇರೆಯವರನ್ನು ಆಶ್ರಯಿಸೋ ಕಾಲ. ಓದಿದ ಕೂಡಲೇ ನಮ್ಮ ನಾಲ್ಕು ಆಶ್ರಮಗಳು ನೆನಪಾಗ್ತವೆ. ವ್ಯತ್ಯಾಸ ಒಂದೇ. ಅಲ್ಲಿ ಮೂರನೇ ಹಂತದಲ್ಲಿ ಕಾಡಿಗೆ ಹೊರಡಬೇಕು, ಇಲ್ಲಿ ಕ್ಲಾಸಿಗೆ ಹೊರಡಬೇಕು.

ಶುರುವಾಗಿದ್ದು ಫ್ರಾನ್ಸಿನ ಟುಲೂಸ್ ನಗರದಲ್ಲಿ, 1973ರಲ್ಲಿ. ಪಿಯರ್ ವೆಲ್ಲಾ ಅನ್ನೋ ಕಾನೂನು ಪ್ರೊಫೆಸರ್ ತಮ್ಮ ವಿಶ್ವವಿದ್ಯಾಲಯದ ಬಾಗಿಲನ್ನು ನಿವೃತ್ತರಿಗೆ ತೆರೆಸಿದರು. ಇದು ಫ್ರೆಂಚ್ ಮಾದರಿ. ವಿಶ್ವವಿದ್ಯಾಲಯದವರು ಪಾಠ ಮಾಡ್ತಾರೆ, ಹಿರಿಯರು ಕೂತು ಕೇಳ್ತಾರೆ.

1980ರ ದಶಕದ ಆರಂಭದಲ್ಲಿ ಈ ಯೋಚನೆ ಕೇಂಬ್ರಿಡ್ಜ್‌ಗೆ ಬಂದಾಗ ಲಾಸ್ಲೆಟ್, ಮೈಕೆಲ್ ಯಂಗ್ ಮತ್ತು ಎರಿಕ್ ಮಿಡ್‌ವಿಂಟರ್ ಅದನ್ನ ತಲೆಕೆಳಗು ಮಾಡಿದರು. ನಿವೃತ್ತರಲ್ಲೇ ಮೇಷ್ಟ್ರು, ಡಾಕ್ಟರು, ಎಂಜಿನಿಯರು, ತೋಟ ಬಲ್ಲವರು ಎಲ್ಲಾ ಇರುವಾಗ ಹೊರಗಿನಿಂದ ಪ್ರೊಫೆಸರ್ ಯಾಕೆ ಬೇಕು? ಅವರೇ ಒಬ್ಬರಿಗೊಬ್ಬರು ಕಲಿಸಲಿ. ಒಂದು ವಿಷಯ ಗೊತ್ತಿದ್ದವರು ಒಂದು ಗುಂಪು ಕಟ್ಟುತ್ತಾರೆ. ಯಾರದೋ ಮನೆಯ ಹಾಲ್‌ನಲ್ಲೋ ಊರಿನ ಸಭಾಭವನದಲ್ಲೋ ಸೇರ್ತಾರೆ. ಇತಿಹಾಸ ಹೇಳಿಕೊಡುವ ಮೇಡಮ್ಮು ನಾಳೆ ಚಿತ್ರಕಲೆಯ ಗುಂಪಿನಲ್ಲಿ ವಿದ್ಯಾರ್ಥಿ ಆಗಿರಬಹುದು. ಸೇರೋಕೆ ಯಾವ ಡಿಗ್ರಿಯೂ ಬೇಡ. ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಕೂಡ ಇಲ್ಲ. ಇವತ್ತು ಬ್ರಿಟನ್ನಿನಲ್ಲಿ ಇಂಥ ಸ್ಥಳೀಯ ಯು3ಎಗಳು ಸುಮಾರು 1,000 ಇವೆ.

ಶೇ 85 ಅಟೆಂಡೆನ್ಸ್ ಇಲ್ಲದಿದ್ರೆ ನಮ್ಮಲ್ಲಿ ಎಷ್ಟು ಜನ ಕ್ಲಾಸಿಗೆ ಬರ್ತೀವಿ? ಪ್ರಾಮಾಣಿಕವಾಗಿ ಯೋಚಿಸಿ. ಅಲ್ಲಿ ಅಟೆಂಡೆನ್ಸೂ ಇಲ್ಲ, ಇಂಟರ್ನಲ್ಸೂ ಇಲ್ಲ, ಪ್ಲೇಸ್‌ಮೆಂಟ್ ಅಂತೂ ಇಲ್ಲವೇ ಇಲ್ಲ. ಆದರೂ ಬರ್ತಾರೆ.

ಬರೀ ಟೈಂಪಾಸ್ ಅಂತ ಅನ್ನಿಸಬಹುದು. ಟೆಕ್ಸಾಸ್‌ನ ಡೆನಿಸ್ ಪಾರ್ಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದಕ್ಕೆ ಉತ್ತರ ಕೊಡುತ್ತೆ. 60ರಿಂದ 90 ವರ್ಷದವರ ಒಂದಷ್ಟು ಜನಕ್ಕೆ ವಾರಕ್ಕೆ ಸುಮಾರು 15 ಗಂಟೆಯಂತೆ ಮೂರು ತಿಂಗಳು ಹೊಸ ವಿದ್ಯೆ ಕಲಿಸಿದರು. ಡಿಜಿಟಲ್ ಫೋಟೋಗ್ರಫಿ, ಕೌದಿ ಹೊಲಿಯೋದು, ಅಥವಾ ಎರಡೂ. ಇನ್ನೊಂದು ಗುಂಪು ಅಷ್ಟೇ ಹೊತ್ತು ಸೇರಿ ಹರಟೆ, ಆಟ, ಓಡಾಟ ಅಂತ ಕಾಲ ಕಳೆಯಿತು. ಕೊನೆಗೆ ನೋಡಿದಾಗ ಹೊಸದು ಕಲಿತವರ, ಅದರಲ್ಲೂ ಫೋಟೋಗ್ರಫಿ ಕಲಿತವರ ನೆನಪಿನ ಶಕ್ತಿ ಹೆಚ್ಚು ಸುಧಾರಿಸಿತ್ತು. ಅಂದರೆ ಬರೀ ಜನರ ಜೊತೆ ಇದ್ದರೆ ಸಾಲದು, ತಲೆಗೆ ಸ್ವಲ್ಪ ಕಷ್ಟ ಕೊಡುವ ಹೊಸ ಕೆಲಸವೂ ಬೇಕು. ಕ್ಯಾಮೆರಾದ ಸೆಟ್ಟಿಂಗ್ಸ್ ಅಂಥ ಕೆಲಸ. ತಾತನ ಪಾಲಿಗೆ ಯುಪಿಐ ಕೂಡ ಅಂಥದ್ದೇ. ಆ ಕಷ್ಟವನ್ನೇ ನಾವು ಅವರ ಕೈಯಿಂದ ಇಸ್ಕೊಂಡಿದ್ದು.

ನಮ್ಮ ದೇಶದಲ್ಲೂ ದಾರಿಗಳಿವೆ. ಇಗ್ನೋ ಕೋರ್ಸುಗಳಿಗೆ ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಪಟ್ನಾದ ರಾಜ್‌ಕುಮಾರ್ ವೈಶ್ಯ 2017ರಲ್ಲಿ, 98ನೇ ವಯಸ್ಸಿಗೆ, ನಳಂದ ಮುಕ್ತ ವಿಶ್ವವಿದ್ಯಾಲಯದಿಂದ ಎಕನಾಮಿಕ್ಸ್ ಎಂ.ಎ. ಪಾಸ್ ಮಾಡಿದರು. ಆದರೆ ಎಲ್ಲರಿಗೂ ಡಿಗ್ರಿ ಬೇಕಾಗಿರೋದಿಲ್ಲ. ಕರ್ನಾಟಕದಲ್ಲಿ ಸರ್ಕಾರಿ ನೌಕರರು 60ಕ್ಕೆ ನಿವೃತ್ತಿ ಆಗ್ತಾರೆ. ಆಮೇಲೆ ಗಟ್ಟಿಮುಟ್ಟಾಗಿರೋ ಹತ್ತಿಪ್ಪತ್ತು ವರ್ಷ ಇರುತ್ತೆ. ಅಷ್ಟು ಕಾಲಕ್ಕೆ ನಾವು ಅವರಿಗೆ ಬಿಟ್ಟಿರೋದು ಟಿ.ವಿ., ವಾಕಿಂಗ್ ಮತ್ತು ಮೊಮ್ಮಕ್ಕಳನ್ನ ಸ್ಕೂಲ್ ಬಸ್ ಹತ್ತಿಸೋ ಕೆಲಸ.

ಕೇಂಬ್ರಿಡ್ಜ್ ಮಾದರಿಗೆ ಬಿಲ್ಡಿಂಗ್ ಬೇಕಾಗಿಲ್ಲ, ಜಗಲಿ ಸಾಕು. ನಮ್ಮ ಕ್ಲಬ್ಬಿನ ಒಬ್ಬನ ತಾತ ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದವರು. ಈ ಸಲ ಊರಿಗೆ ಹೋದಾಗ ಅವನು ಫೋನ್ ಇಸ್ಕೊಳ್ಳದೆ ಪಕ್ಕ ಕೂತ. ತಾತನ ಬೆರಳು ತಪ್ಪಿದಾಗೆಲ್ಲ ಹಿಂದೆ ಬಂದು ಮತ್ತೆ ಮೊದಲಿಂದ. ಅರ್ಧ ಗಂಟೆ ಹಿಡಿಯಿತು. ಬಿಲ್ ಕಟ್ಟಿದ ಖುಷಿಯಲ್ಲಿ ತಾತ "ಈಗ ನೀನು ಏನು ಓದ್ತಿದ್ದೀಯ ಹೇಳು" ಅಂದರಂತೆ. ಇವನು ಟ್ರಾನ್ಸ್‌ಫಾರ್ಮರ್ ಅಂದ. ತಾತ ಅವನನ್ನ ಊರಾಚೆ ಟಿಸಿ ಹತ್ತಿರ ಕರ್ಕೊಂಡು ಹೋಗಿ, ದೂರದಲ್ಲಿ ನಿಲ್ಲಿಸಿ, "ಮೊದಲು ಸದ್ದು ಕೇಳು" ಅಂದರು. ಆ ಗುಂಯ್ ಅನ್ನೋ ಸದ್ದಿಗೆ ನಮ್ಮ ಟೆಕ್ಸ್ಟ್‌ಬುಕ್ಕಿನಲ್ಲಿ ಮ್ಯಾಗ್ನೆಟೋಸ್ಟ್ರಿಕ್ಷನ್ ಅಂತ ಕಾರಣ ಇದೆ. ತಾತನಿಗೆ ಆ ಪದ ಗೊತ್ತಿರಲಿಲ್ಲ, ಇವನಿಗೆ ಆ ಸದ್ದು ಗೊತ್ತಿರಲಿಲ್ಲ. ಆವತ್ತು ಇಬ್ಬರೂ ಕಲಿತರು.

ಮುಂದಿನ ರಜೆಯಲ್ಲಿ ನಾವೂ ಇಷ್ಟು ಮಾಡೋಣ. ಫೋನ್ ಅವರ ಕೈಯಲ್ಲೇ ಇರಲಿ. ಅರ್ಧ ಗಂಟೆ ಹೋದರೆ ಹೋಗಲಿ.