ನೆಲದ ಕಿರುಕಂಪನ ಮತ್ತು ಸ್ಥಳನಾಮ: ಮದಲೂರು ಪರಿಸರವನ್ನು ಮುಂದಿಟ್ಟು

ಭೂಕಂಪದ ಹಾನಿಯನ್ನು ಕಂಪನಕೇಂದ್ರದ ದೂರವೊಂದೇ ನಿರ್ಧರಿಸುವುದಿಲ್ಲ. ಕಾಲಡಿಯ ಮಣ್ಣೂ ನಿರ್ಧರಿಸುತ್ತದೆ. 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋ ನಗರವು ಕೇಂದ್ರದಿಂದ 350 ಕಿ.ಮೀ.ಗೂ ಹೆಚ್ಚು ದೂರದಲ್ಲಿದ್ದರೂ ಹಳೆಯ ಸರೋವರದ ಜೇಡಿಯ ಮೇಲಿದ್ದ ನೂರಾರು ಕಟ್ಟಡಗಳು ಉರುಳಿದವು. ಅದೇ ನಗರದ ಗಟ್ಟಿ ನೆಲದಲ್ಲಿ ಹಾನಿ ಅಲ್ಪವಾಗಿತ್ತು. ಇಂಥ ಸ್ಥಳಭೇದವನ್ನು ಮೊದಲೇ ಅರಿಯುವ ಒಂದು ವಿಧಾನವನ್ನು ವಿವರಿಸಿ, ಅದಕ್ಕೆ ಕನ್ನಡ ಸ್ಥಳನಾಮ ಸಂಶೋಧನೆಯು ಹೇಗೆ ನೆರವಾಗಬಲ್ಲದೆಂದು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನೆಲವು ಎಂದೂ ಪೂರ್ಣ ನಿಶ್ಚಲವಲ್ಲ. ಕಡಲ ಅಲೆ, ಗಾಳಿ, ವಾಹನ, ಯಂತ್ರ ಇವುಗಳಿಂದ ಅದು ನಮ್ಮ ಅರಿವಿಗೆ ಬಾರದಷ್ಟು ಸೂಕ್ಷ್ಮವಾಗಿ ಸದಾ ನಡುಗುತ್ತಿರುತ್ತದೆ. ಇದನ್ನು ‘ಕಿರುಕಂಪನ’ ಎನ್ನಬಹುದು. ಸೂಕ್ಷ್ಮ ಮಾಪಕವೊಂದನ್ನು ನೆಲದ ಮೇಲಿಟ್ಟು, ಅಡ್ಡ ಚಲನೆಯನ್ನು ಲಂಬ ಚಲನೆಯಿಂದ ಭಾಗಿಸಿದರೆ, ಬಂಡೆಯ ಮೇಲೆ ಮೆದು ಮಣ್ಣಿರುವ ಕಡೆ ನಿರ್ದಿಷ್ಟ ಆವರ್ತನವೊಂದರಲ್ಲಿ ಶೃಂಗ ಕಾಣುತ್ತದೆ. ಅದು ಆ ನೆಲದ ಸಹಜ ಆವರ್ತನ. ಬರಿಯ ಬಂಡೆಯ ಮೇಲೆ ಸ್ಪಷ್ಟ ಶೃಂಗ ಮೂಡುವುದಿಲ್ಲ. ಜಪಾನಿನ ನಕಮುರಾ 1989ರಲ್ಲಿ ಈ ವಿಧಾನವನ್ನು ಪ್ರಚುರಪಡಿಸಿದರು.

ಇದರ ಲೆಕ್ಕ ಸರಳವಾದುದು: ಮಣ್ಣಿನಲ್ಲಿ ಅಡ್ಡ ತರಂಗದ ವೇಗವನ್ನು ಮಣ್ಣಿನ ದಪ್ಪದ ನಾಲ್ಕು ಪಟ್ಟಿನಿಂದ ಭಾಗಿಸಬೇಕು. ವೇಗ ಸೆಕೆಂಡಿಗೆ 200 ಮೀಟರ್, ದಪ್ಪ 10 ಮೀಟರ್ ಎಂದಾದರೆ ಆವರ್ತನ 5 ಹರ್ಟ್ಸ್. ಎರಡಂತಸ್ತಿನ ಮನೆಯ ಸಹಜ ಆವರ್ತನವೂ ಸರಿಸುಮಾರು ಅಷ್ಟೇ. ಇವೆರಡೂ ಕೂಡಿದಾಗ ಅನುರಣನೆಯಿಂದ ಓಲಾಟ ಹೆಚ್ಚುತ್ತದೆ.

ಶಿರಾ ತಾಲ್ಲೂಕಿನ ಮದಲೂರಿನ ಕೆರೆಯಂಗಳವನ್ನೂ ಮಧುಗಿರಿಯ ಏಕಶಿಲಾ ಬೆಟ್ಟವನ್ನೂ ಜೊತೆಗಿಟ್ಟು ನೋಡಿದರೆ ಈ ಭೇದ ಮನದಟ್ಟಾಗುತ್ತದೆ. ಬೆಟ್ಟದಲ್ಲಿ ಬಂಡೆ ಹೊರಗೇ ಇದೆ. ಕೆರೆಯಲ್ಲಿ ಅದರ ಮೇಲೆ ಗೋಡುಮಣ್ಣು ಕೂತಿರುತ್ತದೆ. 2002ರ ಭಾರತೀಯ ಮಾನಕ ಸಂಹಿತೆಯು ಈ ಸೀಮೆಯನ್ನು ಕನಿಷ್ಠ ಅಪಾಯದ ಎರಡನೆಯ ವಲಯದಲ್ಲಿರಿಸಿತು. ಆದರೆ 1993ರ ಸೆಪ್ಟೆಂಬರ್ 30ರಂದು ಸಾವಿರಾರು ಜನರನ್ನು ಬಲಿತೆಗೆದುಕೊಂಡ ಕಿಲ್ಲಾರಿಯೂ ಅಂದಿನ ನಕ್ಷೆಯಲ್ಲಿ ಕನಿಷ್ಠ ಅಪಾಯದ ವಲಯದಲ್ಲಿಯೇ ಇತ್ತು. ವಲಯನಕ್ಷೆಯು ಊರೊಳಗಿನ ಮಣ್ಣಿನ ಭೇದವನ್ನು ತೋರಿಸುವುದೂ ಇಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2000ರ ದಶಕದಲ್ಲಿ ಬೆಂಗಳೂರಿನ ಸೂಕ್ಷ್ಮವಲಯ ನಕ್ಷೆಯನ್ನು ರೂಪಿಸುವಾಗ, ನೆಲ ಕೊರೆದು ಪಡೆದ ವಿವರಗಳೊಡನೆ ಕಿರುಕಂಪನ ಮಾಪನವನ್ನೂ ಬಳಸಿದರು. ಆ ನಗರದಲ್ಲಿ ಧರ್ಮಾಂಬುಧಿ ಕೆರೆಯ ಅಂಗಳ ಬಸ್ ನಿಲ್ದಾಣವಾಗಿದೆ, ಸಂಪಂಗಿ ಕೆರೆ ಕ್ರೀಡಾಂಗಣವಾಗಿದೆ. ಕೆರೆಯ ನೆನಪು ಸಂಪಂಗಿರಾಮನಗರವೆಂಬ ಹೆಸರಿನಲ್ಲಿದೆ.

ಸ್ಥಳನಾಮ ಸಂಶೋಧಕರ ಪಾತ್ರ ಇಲ್ಲಿಯೇ ಆರಂಭವಾಗುತ್ತದೆ. ಕೆರೆ, ಕಟ್ಟೆ, ಕುಂಟೆ, ಹಳ್ಳ, ಬಂಡೆ, ಗುಡ್ಡ ಎಂಬ ಘಟಕಗಳುಳ್ಳ ಹೆಸರುಗಳನ್ನೂ ಹೊಲಗಳ ಹೆಸರುಗಳನ್ನೂ ಶಾಸನೋಕ್ತ ಕೆರೆಗಳನ್ನೂ ನಕ್ಷೆಗಿಳಿಸಿದರೆ, ಮಾಪಕವನ್ನು ಮೊದಲು ಎಲ್ಲಿಡಬೇಕೆಂಬುದಕ್ಕೆ ಸೂಚನೆ ದೊರೆಯುತ್ತದೆ. ಹೆಸರು ಪ್ರಮಾಣವಲ್ಲ, ಸುಳಿವು ಮಾತ್ರ. ಪ್ರಮಾಣವನ್ನು ನೆಲವೇ ನೀಡಬೇಕು. ಆದರೆ ಮುಚ್ಚಿಹೋದ ಕೆರೆಯ ಹೆಸರೂ ಮರೆತುಹೋದರೆ, ಅದರ ಮೇಲೆ ಮನೆ ಕಟ್ಟುವವನಿಗೆ ಆ ಸುಳಿವೂ ಸಿಗದು.